ಮುಚ್ಚಳ ತೆಗೀದೆ ಹಾಪ್ಸ್ ಹಾಕಿದೆ

ಹೋದ ಸಲ ಮನೆಯಲ್ಲಿ ಬಿಯರ್ ಹುದುಗಿಸುವಾಗ, ಘಮ ಕೊಡುವ ಹಾಪ್ಸ್ ಹೂ ಹಾಕಲು ಡ್ರಮ್ಮಿನ ಮುಚ್ಚಳ ತೆಗೆದಿದ್ದೇ ತಪ್ಪಾಯಿತು. ಗಾಳಿ ಹೊಕ್ಕು ವಾರದೊಳಗೆ ಬಿಯರ್ ಕಂದಾಯಿತು. ಘಮ ಹೋಗಿ ಒದ್ದೆ ರಟ್ಟಿನ ವಾಸನೆ. ಕಲಬುರಗಿ ಬಿಸಿಲಿಗೆ ಹೆದರಿ ಹಳೆ ಫ್ರಿಜ್ಜಿನಲ್ಲೇ ಇಟ್ಟಿದ್ದೆ, ಆದರೂ.

ಈ ಸಲ ಮೊದಲ ದಿನವೇ 40 ಗ್ರಾಂ ಸಿಟ್ರಾ ತಳಿಯ ಹಾಪ್ಸನ್ನು ಕುದಿಸಿದ ಜಾಳಿಗೆ ಚೀಲದಲ್ಲಿ ಕಟ್ಟಿದೆ. ಜೊತೆಗೆ ಲೇಪವಿದ್ದ ಅಯಸ್ಕಾಂತ. ಪ್ಲಾಸ್ಟಿಕ್ ಡ್ರಮ್ಮಿನ ಹೊರಗೆ ಇನ್ನೊಂದು ಅಯಸ್ಕಾಂತ ಹಿಡಿದರೆ ಚೀಲ ಒಳಗೋಡೆಗೆ, ಬಿಯರಿನ ಮೇಲೆ ತೂಗುತ್ತದೆ. ಹೊರಗಿನ ಕರಿ ಬಿಲ್ಲೆ ನೋಡಿ ಅವ್ವ, ‘ಡ್ರಮ್ಮಿಗೂ ದೃಷ್ಟಿಬೊಟ್ಟೇನೋ?’ ಅಂದಳು.

ಹುದುಗಿನ ಇಂಗಾಲದ ಡೈಆಕ್ಸೈಡ್ ಒಳಗಿನ ಗಾಳಿಯನ್ನು ತಾನೇ ಹೊರದಬ್ಬಿತು. ಐದನೇ ದಿನ, ಗುಳ್ಳೆ ಇನ್ನೂ ಏಳುತ್ತಿದ್ದಾಗಲೇ ಬಿಲ್ಲೆ ಕಿತ್ತೆ. ಚೀಲ ಪುಳಕ್ಕನೆ ಬಿತ್ತು. ತಂಪು ಮಾಡುವಾಗ ಡ್ರಮ್ಮು ಗಾಳಿ ಎಳೆದುಕೊಳ್ಳುತ್ತದೆ; ಅದಕ್ಕೆ ಇಂಗಾಲದ ಡೈಆಕ್ಸೈಡೇ ತುಂಬಿದ ಬಲೂನು ಕಟ್ಟಿದೆ. ಮೂರು ವಾರವಾಯಿತು, ಬಣ್ಣ ಇನ್ನೂ ಹೊನ್ನಿನದೇ.