ನಮ್ಮ ಮನೆಯಲ್ಲಿ 1955ನೇ ಇಸವಿ

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಇರುವ ನಮ್ಮ ಹಳೆ ಮನೆಯಲ್ಲಿ ಶನಿವಾರ, ಭಾನುವಾರ 1955ನೇ ಇಸವಿ ನಡೆಯುತ್ತದೆ. ಶಾಲೆ ಮಕ್ಕಳು ಬರುತ್ತಾರೆ. ಕಾಸರಗೋಡು, ಮಂಗಳೂರಿನಿಂದ ಕುಟುಂಬದವರು ಬರುತ್ತಾರೆ. ಭತ್ತ ಕುಟ್ಟುತ್ತಾರೆ, ನೆಲ ಸಾರಿಸುತ್ತಾರೆ, ಗುಡ್ಡಕ್ಕೆ ಕೊರೆದ ಸುರಂಗದ ನೀರು ಹೊರುತ್ತಾರೆ, ಗಂಜಿ ಉಂಡು ಹೋಗುತ್ತಾರೆ. "ನಮ್ಮಲ್ಲೂ ಒಂದು ಹಳೆ ಮನೆ ಉಂಟು, ಹೀಗೆ ಏನಾದರೂ ಮಾಡಬಹುದಾ?" ಎಂದು ಕೇಳುವವರು ಈಗೀಗ ಜಾಸ್ತಿ. ಅಂಥವರಿಗಾಗಿ ನಾವು ಮಾಡಿದ್ದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಇಸವಿ ಹಿಡಿಯಿರಿ. "ಹಳೆ ಕಾಲ" ಅಂತ ಒಂದೇ ಕಾಲ ಎಲ್ಲೂ ಇರಲಿಲ್ಲ. ಸುಮ್ನೆ ಹಳೆ ಸಾಮಾನು ಜೋಡಿಸಿಟ್ಟರೆ ಭತ್ತ ಅಳೆಯುವ ಅಜ್ಜನ ಕಾಲದ ಕಳಸೆಯ ಪಕ್ಕದಲ್ಲಿ ಚಿಕ್ಕಪ್ಪನ ರೇಡಿಯೋ ಬಂದು ಕೂರುತ್ತದೆ. ಎರಡೂ ಹಳೆಯವೇ. ಆದರೆ ಒಂದೇ ದಿನದ ಬದುಕು ಅದರಲ್ಲಿ ಕಾಣುವುದಿಲ್ಲ.

ನಾನು 1955 ಹಿಡಿದದ್ದಕ್ಕೆ ಕಾರಣ ಉಂಟು. ಆಗ ಕಾಸರಗೋಡು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಮದ್ರಾಸ್ ರಾಜ್ಯದಲ್ಲಿತ್ತು. ಮರುವರ್ಷ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂತು. ಅದರ ಬೆನ್ನಿಗೆ ಕಿಲೋ, ಲೀಟರು ಬಂದವು. ಅಂದರೆ 1955ರಲ್ಲಿ ಅಂಗಡಿಯಲ್ಲಿ ರೂಪಾಯಿಗೆ ಹದಿನಾರಾಣೆ, ಅಂಗಳದಲ್ಲಿ ಸೇರು, ಕಳಸೆ, ಮುಡಿ. ಗೇಣಿ ನಡೆಯುತ್ತಿತ್ತು. ಅಸ್ಪೃಶ್ಯತೆಗೆ ಶಿಕ್ಷೆ ಕೊಡುವ ಕಾನೂನು ಬಂದದ್ದೂ ಅದೇ 1955ರಲ್ಲಿ. ಎಲ್ಲ ಬದಲಾಗಲು ಹೊರಟ ಹೊತ್ತು ಅದು, ಮನೆಯ ಒಳಗೆ ಮಾತ್ರ ಇನ್ನೂ ಬದಲಾಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ವರ್ಷದ ನಮ್ಮ ಮನೆಯ ಲೆಕ್ಕದ ಪುಸ್ತಕ ಅಟ್ಟದಲ್ಲಿ ಸಿಕ್ಕಿತು.

ಈ ಪುಸ್ತಕಕ್ಕಿಂತ ದೊಡ್ಡ ಸಹಾಯ ನನಗೆ ಯಾರಿಂದಲೂ ಆಗಿಲ್ಲ. ಹಿರಿಯರನ್ನು ಕೇಳಿದರೆ "ಆಗ ಎಲ್ಲ ಮನೆಯಲ್ಲೇ ಬೆಳೆಯುತ್ತಿದ್ದೆವು, ಪೇಟೆಯಿಂದ ಉಪ್ಪು ಮಾತ್ರ" ಎನ್ನುತ್ತಾರೆ. ಪುಸ್ತಕದಲ್ಲಿ ಉಪ್ಪಿನ ಜೊತೆ ಚಿಮಿಣಿ ಎಣ್ಣೆ, ಬೆಲ್ಲ, ಹೊಗೆಸೊಪ್ಪು, ಬಟ್ಟೆ, ಟಾರ್ಚಿನ ಸೆಲ್ಲು ಎಲ್ಲ ಉಂಟು. ಮಳೆಗಾಲದ ಆಟಿ ತಿಂಗಳಲ್ಲಿ ಅಕ್ಕಿಯನ್ನೂ ಕೊಂಡಿದ್ದಾರೆ! ಗೇಣಿ ಬರುವ ಮನೆಯ ಕತೆ ಇದಾದರೆ ಗೇಣಿ ಕೊಡುವ ಮನೆಯದು ಹೇಗಿದ್ದೀತು? ನಿಮ್ಮಲ್ಲೂ ಇಂಥ ಪುಸ್ತಕ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಕಂಚಿನ ಪಾತ್ರೆಗಿಂತ ಅದು ದೊಡ್ಡದು.

ಇಸವಿ ಹಿಡಿದ ಮೇಲೆ ಏನು ಇರಬೇಕು, ಏನು ಬೇಡ ಎಂಬುದು ತನ್ನಿಂದ ತಾನೇ ತೀರ್ಮಾನವಾಗುತ್ತದೆ. ಪ್ಲಾಸ್ಟಿಕ್ ಬಕೆಟು ಹೊರಗೆ. ಸ್ಟೀಲ್ ಪಾತ್ರೆ ಹೊರಗೆ. ಸ್ವಿಚ್ಚು, ವಯರು ಹೊರಗೆ. ಬಂದವರಿಗೆ ಆಶ್ಚರ್ಯವಾಗುವುದು ಒಳಗೆ ಉಳಿದವುಗಳನ್ನು ನೋಡಿ. ಟಾರ್ಚು ಇಟ್ಟಿದ್ದೇವೆ. ಅದರ ಸತ್ತ ಸೆಲ್ಲಿನ ಮಸಿಯನ್ನು ಸೆಗಣಿಗೆ ಬೆರೆಸಿ, ಅಡಿಕೆ ಹಾಳೆಯ ತುಂಡಿನಲ್ಲಿ ನೆಲ ಸಾರಿಸಿದರೆ ಕಪ್ಪಗೆ ಮಿನುಗುತ್ತದೆ. ಮಾಡಿನಲ್ಲಿ ಮಂಗಳೂರು ಹಂಚು ಉಂಟು. "ಹಳೆ ಮನೆಗೆ ಮುಳಿಹುಲ್ಲು ಅಲ್ವಾ?" ಎಂದು ಕೇಳುತ್ತಾರೆ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಕಾಸರಗೋಡಿನ ಮೇಲಾಗಿ ಮಂಗಳೂರಿಗೆ ರೈಲು ಹೋದದ್ದು 1907ರಲ್ಲಿ. 1955ರ ಹೊತ್ತಿಗೆ ಹಂಚು ಕೈಲಾದವರ ಮನೆಗೆ ಬಂದಾಗಿತ್ತು, ಮುಳಿಹುಲ್ಲು ಕೈಲಾಗದವರ ಮನೆಯಲ್ಲಿ ಉಳಿದಿತ್ತು. ಅದಕ್ಕೇ ಅಂಗಳದ ಆಚೆ ಮುಳಿಹುಲ್ಲಿನ ಒಂದು ಸಣ್ಣ ಗುಡಿಸಲನ್ನೂ ಕಟ್ಟಿಸಿದೆವು. ಎರಡನ್ನೂ ಒಟ್ಟಿಗೆ ನೋಡದಿದ್ದರೆ ನಮ್ಮ ಮನೆ ಬರೀ ಚೆಂದದ ಮನೆ, ಅಷ್ಟೇ. ಮುಳಿಹುಲ್ಲು ಸಿಗುವುದು ಮಾತ್ರ ಈಗ ತಲೆನೋವು. ಹುಲ್ಲು ಬೆಳೆಯುತ್ತಿದ್ದ ಗುಡ್ಡಗಳೆಲ್ಲ ರಬ್ಬರ್ ತೋಟ ಆಗಿವೆ.

ಇಂಥ ಕೆಲಸ ಹೊಸದೇನಲ್ಲ. ಸ್ವೀಡನ್ನಿನ ಆರ್ಥರ್ ಹಝೇಲಿಯಸ್ 1891ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ಕಾನ್ಸೆನ್ ಎಂಬ ಬಯಲು ಮ್ಯೂಸಿಯಂ ಶುರು ಮಾಡಿದರು. ಬೇರೆ ಬೇರೆ ಊರಿನ ಹಳೆ ಮನೆಗಳನ್ನು ಬಿಚ್ಚಿ ತಂದು ನಿಲ್ಲಿಸಿದರು, ಒಳಗೆ ಕೆಲಸ ಮಾಡುವ ಜನರನ್ನೂ ಇಟ್ಟರು. ನಮ್ಮ ಹತ್ತಿರ ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಮನೆಗಳನ್ನು ಹಾಗೆಯೇ ತಂದು ಕಟ್ಟಿದರು. ಚೆನ್ನೈ ಹೊರಗಿನ ದಕ್ಷಿಣಚಿತ್ರ ಮ್ಯೂಸಿಯಂ 1996ರಲ್ಲಿ ತೆರೆಯಿತು, ಅಲ್ಲಿ ಇಳಕಲ್ಲಿನ ನೇಕಾರರ ಮನೆ ಉಂಟು. ಕೊಲ್ಹಾಪುರದ ಹತ್ತಿರ ಕಣೇರಿ ಮಠದಲ್ಲಿ ಇಡೀ ಹಳ್ಳಿಯನ್ನೇ ಸಿಮೆಂಟಿನ ಮೂರ್ತಿಗಳಲ್ಲಿ ಮಾಡಿದ್ದಾರೆ. ಕಮ್ಮಾರ, ಕುಂಬಾರ, ಬಾವಿಕಟ್ಟೆಯ ಹೆಂಗಸರು ಎಲ್ಲ ಜೀವ ಇದ್ದ ಹಾಗೆಯೇ. ನೋಡಲೇಬೇಕಾದ ಜಾಗ. ಆದರೆ ಮೂರ್ತಿಗೆ ಬೆವರು ಬರುವುದಿಲ್ಲ. ಭತ್ತ ಕುಟ್ಟುವವರ ಏದುಸಿರು ಕೇಳದೆ ಭತ್ತ ಕುಟ್ಟುವುದು ಗೊತ್ತಾಗುವುದಿಲ್ಲ ಎಂದು ನನಗೆ ಅನ್ನಿಸಿದ್ದು ಅಲ್ಲಿಯೇ.

ವೇಷ ಹಾಕಿ ಪಾತ್ರ ಮಾಡುವ ಪದ್ಧತಿಯೂ ಉಂಟು. ಅಮೆರಿಕದ ಪ್ಲಿಮತ್‌ನಲ್ಲಿ ಪಾತ್ರಧಾರಿಗಳು 1627ರಲ್ಲೇ ಇರುವವರ ಹಾಗೆ ಮಾತಾಡುತ್ತಾರೆ. ಆಮೇಲೆ ಆದದ್ದು ಯಾವುದೂ ಅವರಿಗೆ ಗೊತ್ತೇ ಇಲ್ಲ! ನಮ್ಮ ಹೆಂಗಸರಿಗೆ ಇದನ್ನು ಹೇಳಿದಾಗ ಬಿದ್ದು ಬಿದ್ದು ನಕ್ಕರು. "ನಾಟಕ ಬೇಡ ಅಕ್ಕ, ಕೆಲಸ ಮಾಡುವಾ" ಎಂದರು. ನನಗೂ ಅದೇ ಸರಿ ಕಂಡಿತು. ಕೆಲಸ 1955ರದ್ದು, ಮಾತು ಇವತ್ತಿನದು. ಕುಟ್ಟುತ್ತಲೇ ಮಗಳ ಪರೀಕ್ಷೆಯ ವಿಷಯ ಮಾತಾಡುತ್ತಾರೆ, ಯಾರಿಗೂ ತೊಂದರೆ ಇಲ್ಲ.

ಕುಚ್ಚಲಕ್ಕಿ ಒಂದು ದಿನದ ಕೆಲಸ ಅಲ್ಲ. ಭತ್ತ ನೆನೆಸಬೇಕು, ಸಿಪ್ಪೆ ಬಾಯಿ ಬಿಡುವವರೆಗೆ ಬೇಯಿಸಬೇಕು, ಚಾಪೆಯಲ್ಲಿ ಹರಡಿ ಒಣಗಿಸಬೇಕು. ಬಿಸಿಲು ಹೆಚ್ಚಾದರೆ ಕುಟ್ಟುವಾಗ ನುಚ್ಚಾಗುತ್ತದೆ, ಕಡಿಮೆಯಾದರೆ ಸಿಪ್ಪೆ ಬಿಡುವುದಿಲ್ಲ. ಒಂದೆರಡು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿ ಸಾಕೋ ಬೇಕೋ ಹೇಳುವ ಅಜ್ಜಿ ಒಬ್ಬರು ನಮ್ಮಲ್ಲಿದ್ದಾರೆ. ಅವರ ತೀರ್ಪೇ ಕೊನೆ. ಮತ್ತೆ ಒನಕೆ. ಒಂದು ಗುಳಿಗೆ ಇಬ್ಬರು, ಒಬ್ಬರ ಒನಕೆ ಏರುವಾಗ ಇನ್ನೊಬ್ಬರದು ಇಳಿಯಬೇಕು. ಕುಟ್ಟುವವರು ಒನಕೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತಾರೆ, ಲಯ ತಪ್ಪುವುದಿಲ್ಲ. ಮಕ್ಕಳು ಹತ್ತು ನಿಮಿಷಕ್ಕೆ ಸುಸ್ತು. ಗೆರಸೆಯಲ್ಲಿ ಕೇರಿ ನೋಡಿದರೆ ಒಂದು ಮುಷ್ಟಿ ಅಕ್ಕಿ, ಅದರಲ್ಲೂ ಅರ್ಧ ಭತ್ತವೇ.

ಹಿರಿಯರಿಂದ ಕೆಲಸ ಕಲಿಯುವುದಕ್ಕೆ ಒಂದು ಉಪಾಯ ಹೇಳುತ್ತೇನೆ. ಕೂರಿಸಿ ಪ್ರಶ್ನೆ ಕೇಳಬೇಡಿ. "ಆಗ ಕಷ್ಟ ಇತ್ತು, ಆದರೆ ಖುಷಿ ಇತ್ತು" ಎನ್ನುವುದಕ್ಕಿಂತ ಜಾಸ್ತಿ ಏನೂ ಬರುವುದಿಲ್ಲ. ಸಾಮಾನನ್ನು ಕೈಗೆ ಕೊಡಿ, ಮೊಬೈಲಿನಲ್ಲಿ ವಿಡಿಯೋ ಹಾಕಿ, ಸುಮ್ಮನಿರಿ. ಕೈ ನೆನಪು ಮಾಡಿಕೊಳ್ಳುತ್ತದೆ, ಕೈಯ ಹಿಂದೆ ಮಾತು ಬರುತ್ತದೆ. ಅಕ್ಕಿ ಮುಡಿ ಕಟ್ಟುವುದನ್ನು ನಾವು ಹೀಗೆಯೇ ದಾಖಲೆ ಮಾಡಿದ್ದು. ನಮ್ಮ ಕಡೆಯ ಲೆಕ್ಕದಲ್ಲಿ 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. 42 ಸೇರು ಅಕ್ಕಿಯನ್ನು ಬೈಹುಲ್ಲಿನೊಳಗೆ ತುಂಬಿ, ಬೈಹುಲ್ಲಿನದೇ ಹಗ್ಗದಲ್ಲಿ ಬಿಗಿದು, ಬಡಿದು ಬಡಿದು ಉರುಟು ಮಾಡಬೇಕು. ಎಲ್ಲೂ ಹೊಲಿಗೆ ಇಲ್ಲ, ಒಂದು ಕಾಳೂ ಸೋರುವುದಿಲ್ಲ. ಅಡುಗೆಮನೆಯ ಅಟ್ಟಕ್ಕೆ ಏರಿಸಿದರೆ ಒಲೆಯ ಹೊಗೆಗೆ ಹುಳವೂ ಬರುವುದಿಲ್ಲ.

ಮುಡಿ ಕಟ್ಟುವ ಅಣ್ಣನ ತಂದೆ ನಮ್ಮ ಅಜ್ಜನಿಗೆ ಚಾಲಗೇಣಿ ಒಕ್ಕಲು. ಅಂದರೆ ಯಾವಾಗ ಬೇಕಾದರೂ ಗದ್ದೆ ಬಿಡಿಸಬಹುದಾದ ಒಕ್ಕಲು. ಗೇಣಿ ಅಳೆಯುವುದನ್ನು ತೋರಿಸದೆ 1955 ಆಗುವುದಿಲ್ಲ. ಆದರೆ ಅದನ್ನು ತೋರಿಸುವುದು ಹೇಗೆ? ಇಲ್ಲಿ ನಾನು ಬಹಳ ಯೋಚನೆ ಮಾಡಿದ್ದೇನೆ. ಅಮೆರಿಕದ ವಿಲಿಯಮ್ಸ್‌ಬರ್ಗ್‌ನಲ್ಲಿ 18ನೇ ಶತಮಾನದ ಊರನ್ನೇ ಮತ್ತೆ ನಿಲ್ಲಿಸಿದ್ದಾರೆ. 1994ರಲ್ಲಿ ಅಲ್ಲಿ ಗುಲಾಮರ ಹರಾಜನ್ನು ಆಡಿ ತೋರಿಸಿದಾಗ ದೊಡ್ಡ ಗಲಾಟೆಯಾಯಿತು. ಆಡಿಸಿದವರು ಕಪ್ಪು ಜನರೇ, ವಿರೋಧಿಸಿದವರಲ್ಲೂ ಕಪ್ಪು ಜನರಿದ್ದರು. ಮರೆಮಾಡಿದರೆ ಸುಳ್ಳು, ಆಡಿ ತೋರಿಸಿದರೆ ಅವಮಾನ ಎಂಬ ಇಕ್ಕಟ್ಟು ಅದು. ನಮ್ಮ ಇಕ್ಕಟ್ಟು ಅಷ್ಟು ದೊಡ್ಡದಲ್ಲ, ಆದರೆ ಅದೇ ಜಾತಿಯದು.

ಅಣ್ಣನನ್ನೇ ಕೇಳಿದೆ. "ಅಳೆಯುವವ ನಾನಾಗ್ತೇನೆ ಅಕ್ಕ, ಹೊರುವುದನ್ನು ಮಕ್ಕಳು ಮಾಡಲಿ" ಎಂದರು. ಈಗ ಅವರು ಜಗಲಿಯ ಮೇಲೆ ಕಾಲು ಮಡಚಿ ಕೂತು ಅಳೆಯುತ್ತಾರೆ. ಅವರ ತಂದೆ ಆ ಜಗಲಿ ಹತ್ತಿದವರಲ್ಲ. ಮಕ್ಕಳು ಒಕ್ಕಲಾಗುತ್ತಾರೆ. ಒಂದೊಂದು ಗುಂಪಿಗೂ ಹತ್ತು ಪುಟ್ಟ ಮುಡಿ ಕೊಡುತ್ತೇವೆ. ಲೆಕ್ಕದ ಪುಸ್ತಕದ ಒಂದು ಗದ್ದೆಯನ್ನು ಹತ್ತಕ್ಕೆ ಇಳಿಸಿದ ಆಟ ಅದು. ಆರು ಗೇಣಿಗೆ ಹೋಗುತ್ತದೆ. ಒಂದನ್ನು ಬೀಜಕ್ಕೆ ತೆಗೆದಿಡಬೇಕು. ಉಳಿದ ಮೂರರಲ್ಲಿ ಮುಂದಿನ ಬೆಳೆಯವರೆಗೆ ಸಂಸಾರ. "ಇದು ಮೋಸ" ಎಂದು ಯಾವುದಾದರೂ ಮಗು ಹೇಳಿಯೇ ಹೇಳುತ್ತದೆ. ಆಗ ಅಣ್ಣ 1970ರ ಕತೆ ಶುರು ಮಾಡುತ್ತಾರೆ. ಆ ವರ್ಷ ಜನವರಿ 1ಕ್ಕೆ ಭೂಸುಧಾರಣೆಯ ಕಾನೂನಿನಿಂದ ಕೇರಳದಲ್ಲಿ ಗೇಣಿ ನಿಂತಿತು. ಅವರು ಈಗ ಮಾಡುವ ಗದ್ದೆ ಅವರದೇ.

ಜಾತಿಯ ವಿಷಯದಲ್ಲಿ ನಮ್ಮದು ಒಂದೇ ನಿಯಮ: ಯಾರನ್ನೂ ಕೆಳಗೆ ಕೂರಿಸಿ ತೋರಿಸುವುದಿಲ್ಲ. ಯಾರು ಎಲ್ಲಿಯವರೆಗೆ ಬರಬಹುದಿತ್ತು ಎಂದು ಅಂಗಳದಲ್ಲಿ ನಿಂತು ಬಾಯಲ್ಲಿ ಹೇಳುತ್ತೇವೆ. ಗಂಜಿ ಉಣ್ಣುವುದು ಎಲ್ಲರೂ ಒಂದೇ ಸಾಲಿನಲ್ಲಿ. ಅಲ್ಲಿ 1955 ಮುರಿಯುತ್ತದೆ, ಮುರಿಯಲಿ. ಸಂಬಂಧಿಕರಲ್ಲಿ ಕೆಲವರಿಗೆ ಇದೆಲ್ಲ ಹಿಡಿಸಲಿಲ್ಲ. "ಮನೆಯ ಮರ್ಯಾದೆ ತೆಗೆಯುತ್ತೀ" ಎಂದರು. ಲೆಕ್ಕದ ಪುಸ್ತಕ ತೋರಿಸಿದೆ.

ಆಟಿ ತಿಂಗಳ ಊಟಕ್ಕೂ ಇದೇ ಕಾರಣಕ್ಕೆ ಜಗಳ. ಈಗ ಎಲ್ಲ ಕಡೆ ಆಟಿ ಕೂಟ ಮಾಡುತ್ತಾರೆ, ಬಾಳೆ ಎಲೆಯಲ್ಲಿ ಜಾಗ ಸಾಲದಷ್ಟು ಬಗೆ ಬಡಿಸುತ್ತಾರೆ. ತಿನ್ನಲಿ, ನನಗೇನು! ಆದರೆ ಆಟಿ ಹಸಿವಿನ ತಿಂಗಳು. ಮಳೆಗೆ ಕೆಲಸ ಇಲ್ಲ, ಅಟ್ಟದ ಮುಡಿ ಮುಗಿದಿರುತ್ತದೆ. ನಮ್ಮಲ್ಲಿ ಆಟಿಯಲ್ಲಿ ಬಂದವರಿಗೆ ತೆಳು ಗಂಜಿ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಪಲ್ಯ, ಕೆಸುವಿನ ಸೊಪ್ಪು, ಬೇಯಿಸಿ ಒಣಗಿಸಿಟ್ಟ ಹಲಸಿನ ಬೀಜ, ಅಷ್ಟೇ. ಮೊದಲೇ ಹೇಳಿಬಿಡುತ್ತೇವೆ. ಕೆಲವರು ದಾರಿಯಲ್ಲಿ ಹೋಟೆಲಿಗೆ ಹೋಗುತ್ತಾರೆ ಎಂದು ಗೊತ್ತುಂಟು.

ಸುರಂಗದ ಬಗ್ಗೆ ಎರಡು ಮಾತು. ನಮ್ಮ ಕಡೆ ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ತೆಗೆಯುತ್ತಾರೆ. ನೀರು ತಾನಾಗಿ ಹರಿದು ಬರುತ್ತದೆ, ಪಂಪು ಬೇಡ. ಗಡಿಯ ಆಚೆ ಅಡ್ಯನಡ್ಕದ ಹತ್ತಿರ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು ಬೋಳು ಗುಡ್ಡದಲ್ಲಿ ತೋಟ ಮಾಡಿದರು, 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಸುರಂಗದ ನೀರನ್ನು ಅಡಿಕೆ ಮರದ ದಂಬೆಯಲ್ಲಿ ಅಂಗಳಕ್ಕೆ ಹಾಯಿಸಿದ್ದೇವೆ. ಮಕ್ಕಳನ್ನು ಬಾಯಿಯ ಹತ್ತಿರ ಮಾತ್ರ ಬಿಡುತ್ತೇವೆ. ಒಳಗೆ ಗಾಳಿ ಕಡಿಮೆ, ಮಳೆಗಾಲದಲ್ಲಿ ಮಣ್ಣು ಕುಸಿಯಬಹುದು. ಶೌಚಾಲಯ, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇವೆಲ್ಲ ಇವತ್ತಿನವು, ಮನೆಯ ಹಿಂದೆ ಕಣ್ಣಿಗೆ ಬೀಳದ ಹಾಗೆ ಇಟ್ಟಿದ್ದೇವೆ.

ದುಡ್ಡಿನ ವಿಷಯ ಕೇಳುತ್ತೀರಿ. ಲಾಭ ಇಲ್ಲ. ಬಂದವರಿಂದ ತೆಗೆದುಕೊಳ್ಳುವ ಹಣ ಕೂಲಿಗೆ, ಹಂಚು ಕೈಯಾಡಿಸುವುದಕ್ಕೆ, ಮುಳಿಹುಲ್ಲಿಗೆ ಸರಿಯಾಗುತ್ತದೆ. ಕುಟ್ಟುವವರಿಗೆ, ಮುಡಿ ಕಟ್ಟುವವರಿಗೆ ತೋಟದ ಕೆಲಸಕ್ಕೆ ಇವತ್ತು ಎಷ್ಟು ಕೂಲಿಯೋ ಅಷ್ಟು ಕೊಡಲೇಬೇಕು. ಅದೊಂದರಲ್ಲಿ 1955 ಮಾಡಿದರೆ ಮರುದಿನ ಯಾರೂ ಬರುವುದಿಲ್ಲ. ಮನೆಗೆ ಮಾತ್ರ ಒಂದು ಲಾಭ ಆಗಿದೆ. ಒಲೆ ಉರಿಯಲು ಶುರುವಾದ ಮೇಲೆ ಅಡುಗೆಮನೆಯ ಮರಕ್ಕೆ ಗೆದ್ದಲಿನ ಕಾಟ ಕಡಿಮೆ.

ಬರುವವರು ಮೊದಲೇ ತಿಳಿಸಿ ಬನ್ನಿ. ಬೇಯಿಸಿ ಒಣಗಿಸಿದ ಭತ್ತ ಇಲ್ಲದಿದ್ದರೆ ನಿಮಗೆ ಕುಟ್ಟಲು ಕೊಡುವುದಕ್ಕೆ ನಮ್ಮಲ್ಲಿ ಏನೂ ಇರುವುದಿಲ್ಲ.