ವೈರಲ್ ಜ್ವರ ಬಿಟ್ಟರೂ ಸುಸ್ತು ಬಿಡದಿದ್ದರೆ: ಮೂಲಿಕೆ ಶುರು ಮಾಡುವುದು ಹೇಗೆ?

ಜ್ವರ ಇಳಿದು ವಾರಗಳು ಕಳೆದಿರುತ್ತವೆ. ಆದರೂ ಮೆಟ್ಟಿಲು ಹತ್ತಿದರೆ ಕಾಲು ಸೋಲುತ್ತದೆ, ಮಧ್ಯಾಹ್ನವಾದರೆ ಮೈ ಹಾಸಿಗೆ ಕೇಳುತ್ತದೆ. ಫ್ಲೂ, ಡೆಂಗಿ, ಚಿಕೂನ್‌ಗುನ್ಯಾ, ಕೋವಿಡ್ ಯಾವುದೇ ಬಂದು ಹೋದ ಮೇಲೂ ಈ ಸುಸ್ತು ಕಾಡಬಹುದು. ಆಗ ಜನ ಏನು ಮಾಡುತ್ತಾರೆ ಎಂಬುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಅಶ್ವಗಂಧ, ಅಮೃತಬಳ್ಳಿ, ತುಳಸಿ, ಅತಿಮಧುರ, ಶುಂಠಿ, ಹೀಗೆ ಯಾರ್ಯಾರೋ ಹೇಳಿದ್ದನ್ನೆಲ್ಲ ಒಂದೇ ಪಾತ್ರೆಗೆ ಹಾಕಿ ಕುದಿಸಿ, ಲೋಟಗಟ್ಟಲೆ ಕುಡಿಯುತ್ತಾರೆ. ಹೊಟ್ಟೆ ಕೆಟ್ಟರೆ ಯಾವುದರಿಂದ ಕೆಟ್ಟಿತು, ಗುಣ ಕಂಡರೆ ಯಾವುದರಿಂದ ಕಂಡಿತು, ಎರಡೂ ಗೊತ್ತಾಗುವುದಿಲ್ಲ. ಆದ್ದರಿಂದ ಈ ಲೇಖನದ ಉದ್ದಕ್ಕೂ ನಾನು ಹಿಡಿಯುವ ಹಟ ಒಂದೇ: ಒಂದು ಸಲಕ್ಕೆ ಒಂದೇ ಮೂಲಿಕೆ.

1. ಮೊದಲು ರಕ್ತಪರೀಕ್ಷೆ

ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿರುವ ಕಬ್ಬಿಣದ ದಾಸ್ತಾನು), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ವಿಟಮಿನ್ ಬಿ12, ಸಕ್ಕರೆ ಮತ್ತು ಎಲ್‌ಎಫ್‌ಟಿ (ಲಿವರ್ ಪರೀಕ್ಷೆ) ಮಾಡಿಸಿ. ಕಬ್ಬಿಣಾಂಶ ಕಡಿಮೆಯಾಗಿ ಬಂದ ಸುಸ್ತಿಗೆ ಅಶ್ವಗಂಧ ಮದ್ದಲ್ಲ. ಎಲ್‌ಎಫ್‌ಟಿಯನ್ನಂತೂ ಬಿಡಲೇಬೇಡಿ. ಡೆಂಗಿಯಂಥ ಜ್ವರಗಳಲ್ಲಿ ಲಿವರ್‌ಗೂ ಪೆಟ್ಟು ಬಿದ್ದಿರುತ್ತದೆ. ಎಲ್‌ಎಫ್‌ಟಿ ವರದಿಯಲ್ಲಿ ಕಾಣುವ ಲಿವರ್ ಕಿಣ್ವಗಳಾದ ಎಸ್‌ಜಿಒಟಿ, ಎಸ್‌ಜಿಪಿಟಿ ಸಹಜ ಮಟ್ಟಕ್ಕೆ ಇಳಿಯುವವರೆಗೆ ಯಾವ ಮೂಲಿಕೆಯೂ ಬೇಡ. ಎದೆನೋವು, ಉಬ್ಬಸ, ಎದೆ ಢವಗುಟ್ಟುವುದು, ತಲೆಸುತ್ತಿ ಬೀಳುವುದು ಇದ್ದರೆ ಈ ಲೇಖನವನ್ನು ಇಲ್ಲಿಗೇ ಬಿಟ್ಟು ವೈದ್ಯರ ಬಳಿ ಹೋಗಿ. ವೈರಸ್ ಸೋಂಕಿನಿಂದ ಹೃದಯದ ಸ್ನಾಯುವಿಗೂ ಉರಿಯೂತ ತಗಲಬಹುದು.

2. ಸುಸ್ತಿನ ಸ್ವಭಾವ ನೋಡಿ ಆರಿಸಿ

ಮೈ ದಣಿದಿದ್ದರೂ ನಿದ್ದೆ ಹತ್ತುವುದಿಲ್ಲ, ಮನಸ್ಸು ತಳಮಳಿಸುತ್ತದೆ ಎನ್ನುವವರಿಗೆ ಅಶ್ವಗಂಧ. ಅದರ ಬಗ್ಗೆ ನಡೆದ ಸಣ್ಣ ಸಣ್ಣ ಪ್ರಯೋಗಗಳಲ್ಲಿ ಉಪಯೋಗ ಕಂಡಿರುವುದು ಮುಖ್ಯವಾಗಿ ಒತ್ತಡ ಮತ್ತು ನಿದ್ದೆಯ ವಿಷಯದಲ್ಲಿ. ಸುಸ್ತನ್ನು ಅದು ನೇರವಾಗಿ ಓಡಿಸುತ್ತದೆ ಎಂದು ನಂಬಿ ಕೂರಬೇಡಿ. ಬಾಯಿ ರುಚಿ ಇಲ್ಲ, ಓಕರಿಕೆ ಬರುತ್ತದೆ ಎಂದರೆ ಊಟಕ್ಕೆ ಮೊದಲು ಸ್ವಲ್ಪ ಶುಂಠಿ ಸಾಕು.

ಅತಿಮಧುರವನ್ನು ಮಾತ್ರ ನಾನು ಸುಸ್ತಿಗೆ ಯಾರಿಗೂ ಹೇಳುವುದಿಲ್ಲ. ಅದನ್ನು ದಿನವೂ ಸೇವಿಸುತ್ತಾ ಹೋದರೆ ಬಿಪಿ ಏರಬಹುದು, ಪೊಟ್ಯಾಸಿಯಂ ಇಳಿಯಬಹುದು. ಪೊಟ್ಯಾಸಿಯಂ ಇಳಿದರೆ ಸ್ನಾಯುಗಳೇ ಬಲ ಕಳೆದುಕೊಳ್ಳುತ್ತವೆ, ಅಂದರೆ ಮದ್ದೇ ಸುಸ್ತು ತಂದಂತಾಯಿತು. ರೋಗನಿರೋಧಕ ಶಕ್ತಿ ಹೆಚ್ಚುತ್ತದೆಂದು ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ಕುಡಿಯುವುದೂ ಬೇಡ. ಅದರಿಂದ ಲಿವರ್‌ಗೆ ತೊಂದರೆಯಾದ ವರದಿಗಳಿವೆ. ಆಟೊಇಮ್ಯೂನ್ ಕಾಯಿಲೆ (ರೋಗನಿರೋಧಕ ವ್ಯವಸ್ಥೆ ತನ್ನದೇ ದೇಹದ ಮೇಲೆ ದಾಳಿ ಮಾಡುವ ಕಾಯಿಲೆ) ಇರುವವರು ಅದರಿಂದ ದೂರವೇ ಇರಬೇಕು.

3. ಕೊಳ್ಳುವಾಗ

ಅಶ್ವಗಂಧದ ಲೇಬಲ್‌ನಲ್ಲಿ ಬೇರಿನ ಪುಡಿ ಎಂದು ಸ್ಪಷ್ಟವಾಗಿ ಬರೆದಿರಬೇಕು, ಬ್ಯಾಚ್ ನಂಬರ್ ಮತ್ತು ತಯಾರಾದ ದಿನಾಂಕ ಇರಬೇಕು. ಹದಿನೈದು ಮೂಲಿಕೆ ಬೆರೆಸಿ, ಮೇಲೆ ಸಕ್ಕರೆ ಸುರಿದು ಶಕ್ತಿವರ್ಧಕ ಎಂದು ಮಾರುವ ಡಬ್ಬಿಗಳನ್ನು ಕೈಯಲ್ಲೂ ಮುಟ್ಟಬೇಡಿ. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಇಂಟರ್‌ನೆಟ್ ಮೂಲಕ ಕೊಂಡ 193 ಆಯುರ್ವೇದ ಉತ್ಪನ್ನಗಳ ಪೈಕಿ ಸುಮಾರು ಐದರಲ್ಲಿ ಒಂದು ಪಾಲಿನಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಪತ್ತೆಯಾಗಿತ್ತು. ಭಾರಲೋಹಗಳ ಪರೀಕ್ಷೆಯ ವರದಿ ಕೊಡುವ ತಯಾರಕರದ್ದನ್ನೇ ಕೊಳ್ಳಿ.

4. ಶುರು ಮಾಡುವುದು (ಎಲ್ಲರೂ ಎಡವುವುದು ಇಲ್ಲೇ)

ಗರ್ಭಿಣಿಯರು, ಹಾಲುಣಿಸುವವರು, ಹೈಪರ್‌ಥೈರಾಯ್ಡ್ (ಥೈರಾಯ್ಡ್ ಹಾರ್ಮೋನು ಅತಿಯಾಗುವುದು), ಲಿವರ್ ಕಾಯಿಲೆ ಅಥವಾ ಆಟೊಇಮ್ಯೂನ್ ಕಾಯಿಲೆ ಇರುವವರಿಗೆ ಅಶ್ವಗಂಧ ಬೇಡ. ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್ ಅಥವಾ ನಿದ್ದೆಯ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಥೈರಾಯ್ಡ್ ಮತ್ತು ಲೈಂಗಿಕ ಹಾರ್ಮೋನುಗಳ ಮೇಲಾಗಬಹುದಾದ ಪರಿಣಾಮಕ್ಕೆ ಅಂಜಿಯೇ ಡೆನ್ಮಾರ್ಕ್ 2023ರಲ್ಲಿ ಇದನ್ನು ನಿಷೇಧಿಸಿತು. ಗಿಡಮೂಲಿಕೆ ತಾನೇ, ಏನೂ ಆಗುವುದಿಲ್ಲ ಎನ್ನುವ ಮಾತಿಗೆ ದಯವಿಟ್ಟು ಕಿವಿಗೊಡಬೇಡಿ.

ಉಳಿದವರು ಜ್ವರ ಬಿಟ್ಟು ಎರಡು ವಾರವಾದರೂ ಕಳೆಯಲಿ, ಹಸಿವು ಮರಳಲಿ, ಆಮೇಲೆ ಶುರು ಮಾಡಿ. ಅಳತೆ ಕಾಲು ಟೀ ಚಮಚ, ಅದೂ ಮಟ್ಟಸವಾಗಿ. ಪುಡಿಯನ್ನು ನೇರವಾಗಿ ಬಿಸಿ ಹಾಲಿಗೆ ಹಾಕಿದರೆ ಗಂಟು ಕಟ್ಟಿ ಮೇಲೆ ತೇಲುತ್ತದೆ, ಗುಟುಕು ಹಾಕಿದಾಗ ಗಂಟಲಿಗೆ ಒಣಪುಡಿ ಸಿಕ್ಕಿ ಕೆಮ್ಮು ಬರುತ್ತದೆ. ಮೊದಲು ಎರಡು ಚಮಚ ತಣ್ಣನೆಯ ಹಾಲಿನಲ್ಲಿ ಚಮಚದ ಬೆನ್ನಿನಿಂದ ಉಜ್ಜಿ, ನುಣ್ಣಗೆ ಕಲಸಿಕೊಳ್ಳಿ. ಉಳಿದ ಹಾಲು ಬಿಸಿಯಾದ ಮೇಲೆ ಇದನ್ನು ಸೇರಿಸಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ತಿರುವುತ್ತಿರಿ. ಮಣ್ಣು ಬೆರೆತಂಥ ಘಾಟು ವಾಸನೆ ಏಳುತ್ತದೆ, ರುಚಿ ಕಹಿ. ಪುಡಿ ತಳಕ್ಕಿಳಿಯುತ್ತದೆ, ಆದ್ದರಿಂದ ಕೊನೆಯ ಗುಟುಕಿಗೆ ಮೊದಲು ಲೋಟವನ್ನು ಅಲುಗಾಡಿಸಿ. ಹಾಲು ಒಗ್ಗದವರು ನೀರಿನಲ್ಲೇ ಮಾಡಿಕೊಳ್ಳಿ. ರಾತ್ರಿ ಊಟವಾದ ಮೇಲೆ ಕುಡಿಯಿರಿ, ಖಾಲಿ ಹೊಟ್ಟೆಯಲ್ಲಿ ಬೇಡ.

ಮೊದಲ ವಾರ ಅಳತೆ ಏರಿಸಬೇಡಿ, ಇನ್ನೊಂದು ಮೂಲಿಕೆಯನ್ನೂ ಸೇರಿಸಬೇಡಿ. ನಿದ್ದೆ, ಹೊಟ್ಟೆ, ಮಧ್ಯಾಹ್ನದ ಸುಸ್ತು, ಈ ಮೂರನ್ನು ದಿನವೂ ಒಂದೊಂದು ಸಾಲಿನಲ್ಲಿ ಬರೆದಿಡಿ. ಒಗ್ಗಿದರೆ ಎರಡನೇ ವಾರ ಅರ್ಧ ಚಮಚ ಮಾಡಿ. ಹೆಚ್ಚಿನವರಿಗೆ ಅಷ್ಟೇ ಸಾಕೆಂಬುದು ನನ್ನ ಅಭಿಪ್ರಾಯ. ಕ್ಯಾಪ್ಸೂಲ್ ಸುಲಭವೆಂದು ಅದಕ್ಕೆ ಹೋಗುವವರು ಒಂದು ವಿಷಯ ಗಮನಿಸಿ: ಅದರಲ್ಲಿರುವುದು ಸಾಮಾನ್ಯವಾಗಿ ಸಾಂದ್ರಗೊಳಿಸಿದ ಸಾರ. 300 ಮಿಲಿಗ್ರಾಂ ಸಾರವೂ 300 ಮಿಲಿಗ್ರಾಂ ಪುಡಿಯೂ ಒಂದಲ್ಲ. ಪುಡಿಯ ಲೆಕ್ಕದಲ್ಲಿ ಕ್ಯಾಪ್ಸೂಲ್ ನುಂಗಿದರೆ ಅಳತೆ ಎಲ್ಲಿಗೋ ಹೋಗಿ ಮುಟ್ಟುತ್ತದೆ.

ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಮೈ ತುರಿಸತೊಡಗಿದರೆ ಅಂದೇ ನಿಲ್ಲಿಸಿ, ಎಲ್‌ಎಫ್‌ಟಿ ಮಾಡಿಸಿ.

5. ಸಿಕ್ಕ ಚೈತನ್ಯವನ್ನು ಕೂಡಲೇ ಖರ್ಚು ಮಾಡಬೇಡಿ

ನಾಲ್ಕು ದಿನ ಚೆನ್ನಾಗಿ ನಿದ್ದೆಯಾದರೆ ಮೈ ಹಗುರವೆನಿಸುತ್ತದೆ. ಬಾಕಿ ಬಿದ್ದ ಕೆಲಸವನ್ನೆಲ್ಲ ಅಂದೇ ಮುಗಿಸುವ ಹುರುಪು ಬರುತ್ತದೆ. ಮರುದಿನ ಅಥವಾ ಅದರ ಮರುದಿನ ಮತ್ತೆ ಹಾಸಿಗೆ ಹಿಡಿಯುತ್ತಾರೆ, ಮೂಲಿಕೆ ಕೆಲಸ ಮಾಡಲಿಲ್ಲ ಎನ್ನುತ್ತಾರೆ. ಶ್ರಮಪಟ್ಟ ಒಂದೆರಡು ದಿನದ ನಂತರ ಸುಸ್ತು ಮರುಕಳಿಸುವುದು ವೈರಲ್ ಕಾಯಿಲೆಯ ನಂತರದ ಬಳಲಿಕೆಯಲ್ಲಿ ಚಿರಪರಿಚಿತ ಲಕ್ಷಣ. ನಿಮ್ಮ ಕೈಲಾಗುತ್ತದೆ ಅನಿಸಿದ್ದಕ್ಕಿಂತ ಕಡಿಮೆಯೇ ಮಾಡಿ, ದಣಿಯುವ ಮೊದಲೇ ಕೂತುಬಿಡಿ.

6. ನಿಲ್ಲಿಸುವುದು

ಎಂಟು ವಾರಕ್ಕೆ ನಿಲ್ಲಿಸಿ. ಗುಣ ಕಂಡಿದ್ದರೂ ನಿಲ್ಲಿಸಿ, ಏಕೆಂದರೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಸೇವಿಸಿದರೆ ಎಷ್ಟು ಸುರಕ್ಷಿತ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಅಷ್ಟರಲ್ಲೂ ಸುಸ್ತು ಇಳಿಯದಿದ್ದರೆ ಇನ್ನೊಂದು ಮೂಲಿಕೆ ಹುಡುಕುತ್ತಾ ಹೋಗಬೇಡಿ. ಬರೆದಿಟ್ಟ ಪುಸ್ತಕ ಮತ್ತು ಪುಡಿಯ ಡಬ್ಬಿ ಎರಡನ್ನೂ ಹಿಡಿದುಕೊಂಡು ವೈದ್ಯರ ಬಳಿ ಹೋಗಿ, ಏನೇನು ಸೇವಿಸಿದಿರಿ ಎಂಬುದನ್ನು ಮುಚ್ಚಿಡದೆ ಹೇಳಿ.