ಸ್ಪ್ಯಾಕ್ ದಾಖಲೆ ಓದುವ ಬಗೆ: ಹಣ ಎತ್ತುವುದರಿಂದ ಕಂಪನಿ ಕೊಳ್ಳುವವರೆಗೆ

ಯಾವ ವ್ಯಾಪಾರವನ್ನೂ ಮಾಡದ, ಯಾವ ಸರಕನ್ನೂ ತಯಾರಿಸದ ಕಂಪನಿಯೊಂದು ಅಮೆರಿಕದ ಷೇರುಪೇಟೆಗೆ ಬಂದು, ‘ಈಗ ಹಣ ಕೊಡಿ, ಎರಡು ವರ್ಷದೊಳಗೆ ಒಳ್ಳೆಯದೊಂದು ಕಂಪನಿಯನ್ನು ಹುಡುಕಿ ಕೊಳ್ಳುತ್ತೇವೆ’ ಎಂದು ಕೇಳುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ ಕಾಣುತ್ತದೆ. ಆದರೂ 2020ರಲ್ಲಿ ಇಂಥ 248 ಕಂಪನಿಗಳು ಸುಮಾರು 8,300 ಕೋಟಿ ಡಾಲರ್‌ಗಳನ್ನೂ, 2021ರಲ್ಲಿ 613 ಕಂಪನಿಗಳು ಸುಮಾರು 16,200 ಕೋಟಿ ಡಾಲರ್‌ಗಳನ್ನೂ ಎತ್ತಿದವು. ಇವುಗಳ ಪೂರ್ಣ ಹೆಸರು ಸ್ಪೆಷಲ್ ಪರ್ಪಸ್ ಅಕ್ವಿಸಿಷನ್ ಕಂಪನಿ, ಚಿಕ್ಕದಾಗಿ ಸ್ಪ್ಯಾಕ್. ಪೇಟೆಯ ಮಾತಿನಲ್ಲಿ ಬ್ಲ್ಯಾಂಕ್ ಚೆಕ್ ಕಂಪನಿ. ಇಲ್ಲಿ ಕೊಳ್ಳುವುದೆಂದರೆ, ಇನ್ನೂ ಷೇರುಪೇಟೆಗೆ ಬಾರದ ಕಂಪನಿಯೊಂದರ ಜೊತೆ ವಿಲೀನವಾಗಿ ಅದನ್ನು ಷೇರುಪೇಟೆಗೆ ತರುವುದು. ಅಮೆರಿಕದ ಷೇರುಗಳಲ್ಲಿ ಹೂಡುವವರಿಗೂ, ತಾವು ಕೆಲಸ ಮಾಡುವ ಸ್ಟಾರ್ಟಪ್ ಸ್ಪ್ಯಾಕ್ ಒಂದರೊಡನೆ ವಿಲೀನವಾಗಲಿದೆ ಎಂದು ತಿಳಿದು ನೌಕರರಾಗಿ ತಮಗೆ ಸಿಕ್ಕ ಇಸಾಪ್ ಷೇರುಗಳ ಗತಿಯೇನು ಎಂದು ಯೋಚಿಸುತ್ತಿರುವವರಿಗೂ ಈ ಬರಹ ಉಪಯೋಗಕ್ಕೆ ಬರಬಹುದು. ಸುದ್ದಿಯಲ್ಲಿ ಬರುವುದು ಸ್ಪ್ಯಾಕ್ ಎತ್ತಿದ ಹಣದ ಮೊತ್ತ. ನೀವು ಹುಡುಕಬೇಕಾದದ್ದು ವಿಲೀನದ ದಿನ ಪ್ರತಿ ಷೇರಿನ ಹಿಂದೆ ಉಳಿಯುವ ನಗದು. ಈ ಎರಡರ ನಡುವಿನ ಅಂತರ ಬಹಳ ದೊಡ್ಡದು, ಮತ್ತು ಅದನ್ನು ಲೆಕ್ಕ ಹಾಕಲು ಬೇಕಾದ ಅಂಕಿಗಳೆಲ್ಲ ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆಯಾದ ಎಸ್‌ಇಸಿಯ ಎಡ್ಗರ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಮೊದಲು ಪ್ರಾಸ್ಪೆಕ್ಟಸ್

ಎಡ್ಗರ್‌ನಲ್ಲಿ ಸ್ಪ್ಯಾಕ್‌ನ ಹೆಸರು ಹಾಕಿ, ಐಪಿಒಗೆ (ಸಾರ್ವಜನಿಕರಿಗೆ ಮೊದಲ ಬಾರಿ ಷೇರು ಮಾರುವುದಕ್ಕೆ) ಮುನ್ನ ಸಲ್ಲಿಸಿದ ಎಸ್-1 ಎಂಬ ದಾಖಲೆಯನ್ನು ತೆರೆಯಿರಿ; ಪ್ರಾಸ್ಪೆಕ್ಟಸ್, ಅಂದರೆ ಹೂಡಿಕೆದಾರರಿಗೆಂದು ಬರೆದ ವಿವರಪತ್ರ, ಅದರಲ್ಲೇ ಇರುತ್ತದೆ. ಸ್ಪ್ಯಾಕ್ ಮಾರುವುದು ಬರಿಯ ಷೇರನ್ನಲ್ಲ, ಸಾಮಾನ್ಯವಾಗಿ 10 ಡಾಲರ್ ಬೆಲೆಯ ಯೂನಿಟ್ಟನ್ನು. ಒಂದು ಯೂನಿಟ್ಟಿನಲ್ಲಿ ಒಂದು ಷೇರೂ, ಒಂದು ವಾರಂಟಿನ ಅರ್ಧವೋ ಮೂರನೆಯ ಒಂದು ಭಾಗವೋ ಇರುತ್ತದೆ. ಪೂರ್ತಿ ವಾರಂಟ್ ಇದ್ದವರು ಮುಂದೆ 11.50 ಡಾಲರ್ ಕೊಟ್ಟು ಇನ್ನೊಂದು ಷೇರು ಪಡೆಯಬಹುದು. ಐಪಿಒ ಆಗಿ ಸುಮಾರು 52 ದಿನಗಳ ನಂತರ ಷೇರು ಮತ್ತು ವಾರಂಟ್ ಬೇರೆಬೇರೆಯಾಗಿ ವಹಿವಾಟಾಗಲು ತೊಡಗುತ್ತವೆ.

ಐಪಿಒದಿಂದ ಬಂದ ಹಣವನ್ನು ಸ್ಪ್ಯಾಕ್ ಹುಟ್ಟುಹಾಕಿದ ಪ್ರವರ್ತಕರು ಮುಟ್ಟುವಂತಿಲ್ಲ. ಅದು ಟ್ರಸ್ಟ್ ಖಾತೆಗೆ ಹೋಗಿ, ಅಮೆರಿಕ ಸರ್ಕಾರದ ಅಲ್ಪಾವಧಿ ಟ್ರೆಷರಿ ಬಿಲ್ಲುಗಳಲ್ಲಿ ಅಥವಾ ಅಂಥ ಬಿಲ್ಲುಗಳನ್ನೇ ಕೊಳ್ಳುವ ಮನಿ ಮಾರ್ಕೆಟ್ ಫಂಡುಗಳಲ್ಲಿ ಇರುತ್ತದೆ. ಈ ಕಟ್ಟುಪಾಡಿಗೆ ಒಂದು ಹಿನ್ನೆಲೆಯಿದೆ. 1980ರ ದಶಕದಲ್ಲಿ ಬ್ಲ್ಯಾಂಕ್ ಚೆಕ್ ಕಂಪನಿಗಳ ಹೆಸರಿನಲ್ಲಿ ಚಿಲ್ಲರೆ ಬೆಲೆಯ ಷೇರುಗಳನ್ನು ಮಾರಿ ಮುಗ್ಧರನ್ನು ದೋಚುವ ದಂಧೆ ಎಷ್ಟು ಬೆಳೆದಿತ್ತೆಂದರೆ, ಅಮೆರಿಕದ ಸಂಸತ್ತು 1990ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಿತು, ಅದರ ಬೆನ್ನಿಗೇ ಎಸ್‌ಇಸಿ ಎತ್ತಿದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಡಬೇಕೆನ್ನುವ 419ನೆಯ ನಿಯಮವನ್ನು ತಂದಿತು. 1993ರಲ್ಲಿ ಡೇವಿಡ್ ನಸ್‌ಬಾಮ್ ಎಂಬ ಬ್ಯಾಂಕರ್ ಮತ್ತು ಡೇವಿಡ್ ಮಿಲ್ಲರ್ ಎಂಬ ವಕೀಲರು ಸೇರಿ, ಹೂಡಿಕೆದಾರರಿಗೆ ಆ ನಿಯಮ ಕೊಡುವಂಥ ರಕ್ಷಣೆಗಳನ್ನು ತಾವಾಗಿಯೇ ಒಪ್ಪಂದದಲ್ಲಿ ಸೇರಿಸಿ ರೂಪಿಸಿದ ಕಂಪನಿಯೇ ಇಂದಿನ ಸ್ಪ್ಯಾಕ್‌ನ ಮೂಲ. ನ್ಯಾಸ್‌ಡ್ಯಾಕ್ ಮತ್ತು ನ್ಯೂಯಾರ್ಕ್ ಷೇರುಪೇಟೆಗಳ ನಿಯಮದಂತೆ ಶೇ 90ರಷ್ಟನ್ನು ಟ್ರಸ್ಟಿನಲ್ಲಿಟ್ಟರೆ ಸಾಕು. ರೂಢಿಯಲ್ಲಿ ಶೇ 100, ಕೆಲವೊಮ್ಮೆ ಪ್ರತಿ ಷೇರಿಗೆ 10.10 ಅಥವಾ 10.20 ಡಾಲರ್‌ನಷ್ಟು ಇಡುತ್ತಾರೆ. ಪ್ರತಿ ಷೇರಿಗೆ ಟ್ರಸ್ಟಿನಲ್ಲಿ ಎಷ್ಟಿದೆ ಎಂಬುದು ನೀವು ಬರೆದಿಟ್ಟುಕೊಳ್ಳಬೇಕಾದ ಮೊದಲ ಅಂಕಿ.

ಹಾಗಿದ್ದರೆ ಬ್ಯಾಂಕುಗಳ ಶುಲ್ಕ, ವಕೀಲರ ಬಿಲ್ಲು, ಹುಡುಕಾಟದ ಖರ್ಚು ಎಲ್ಲಿಂದ ಬರುತ್ತದೆ? ಪ್ರವರ್ತಕರ ಕೈಯಿಂದ. ಐಪಿಒದ ಜೊತೆಯಲ್ಲೇ ಅವರು ಖಾಸಗಿಯಾಗಿ ವಾರಂಟುಗಳನ್ನೋ ಯೂನಿಟ್ಟುಗಳನ್ನೋ ಕೊಂಡು ಕೆಲವು ಕೋಟಿ ಡಾಲರ್‌ವರೆಗೂ ಹಾಕುತ್ತಾರೆ. ಕಂಪನಿ ಸಿಗದೆ ಸ್ಪ್ಯಾಕ್ ಮುಚ್ಚಿದರೆ ಈ ಹಣ ಹೋದಂತೆಯೇ. ಅದಕ್ಕೆ ಪ್ರತಿಯಾಗಿ ಅವರು ಕೇವಲ 25,000 ಡಾಲರ್ ಕೊಟ್ಟು, ಐಪಿಒದ ನಂತರದ ಒಟ್ಟು ಷೇರುಗಳಲ್ಲಿ ಶೇ 20ರಷ್ಟನ್ನು ಪಡೆದಿರುತ್ತಾರೆ. ಇವನ್ನು ಫೌಂಡರ್ ಷೇರುಗಳು ಎನ್ನುತ್ತಾರೆ. ಐಪಿಒ ನಡೆಸಿಕೊಡುವ ಬ್ಯಾಂಕುಗಳು ಸಾಮಾನ್ಯವಾಗಿ ಶೇ 2ರಷ್ಟನ್ನು ಆಗಲೇ ಪಡೆದು, ಶೇ 3.5ರಷ್ಟನ್ನು ವಿಲೀನ ಮುಗಿದಾಗ ಟ್ರಸ್ಟಿನಿಂದ ಪಡೆಯುತ್ತವೆ. ಬಾಕಿಯಿರುವ ಈ ಶುಲ್ಕವನ್ನೂ ಫೌಂಡರ್ ಷೇರುಗಳ ಸಂಖ್ಯೆಯನ್ನೂ ಗುರುತು ಮಾಡಿಕೊಳ್ಳಿ.

ಪ್ರವರ್ತಕರ ಹಿತ ಎಲ್ಲಿದೆ ಎಂಬುದನ್ನು ಇಲ್ಲಿಯೇ ಮನದಟ್ಟು ಮಾಡಿಕೊಳ್ಳುವುದು ಒಳ್ಳೆಯದು. 20 ಕೋಟಿ ಡಾಲರ್ ಎತ್ತಿದ ಸ್ಪ್ಯಾಕ್‌ನಲ್ಲಿ 2 ಕೋಟಿ ಸಾರ್ವಜನಿಕ ಷೇರುಗಳೂ 50 ಲಕ್ಷ ಫೌಂಡರ್ ಷೇರುಗಳೂ ಇರುತ್ತವೆ. ವಿಲೀನದ ನಂತರ ಬೆಲೆ 3 ಡಾಲರ್‌ಗೆ ಕುಸಿದರೂ ಪ್ರವರ್ತಕರ ಷೇರುಗಳು 1.5 ಕೋಟಿ ಡಾಲರ್ ಬೆಲೆ ಬಾಳುತ್ತವೆ. 10 ಡಾಲರ್‌ಗೆ ಕೊಂಡವರು ಮಾತ್ರ ಶೇ 70ರಷ್ಟನ್ನು ಕಳೆದುಕೊಂಡಿರುತ್ತಾರೆ. ವಿಲೀನವೇ ಆಗದಿದ್ದರೆ ಆ 50 ಲಕ್ಷ ಷೇರುಗಳಿಗೆ ಕಾಸಿನ ಬೆಲೆಯೂ ಇಲ್ಲ. ಆದ್ದರಿಂದ ಗಡುವು ಹತ್ತಿರವಾದಂತೆ, ಕೆಟ್ಟ ಒಪ್ಪಂದವಾದರೂ ಸರಿ ಎಂಬ ಒತ್ತಡ ಪ್ರವರ್ತಕರ ಮೇಲೆ ಬೀಳುತ್ತದೆ. ಇದು ಯಾರದೋ ದುರಾಸೆಯ ಮಾತಲ್ಲ, ಈ ವ್ಯವಸ್ಥೆಯ ಕಟ್ಟೋಣವೇ ಹಾಗಿದೆ.

ಕಂಪನಿಯ ಹುಡುಕಾಟ

ಐಪಿಒ ಹೊತ್ತಿಗೆ ಕೊಳ್ಳಬೇಕಾದ ಕಂಪನಿಯನ್ನು ಗೊತ್ತು ಮಾಡಿಕೊಂಡಿಲ್ಲ, ಯಾರೊಡನೆಯೂ ಗಂಭೀರ ಮಾತುಕತೆ ನಡೆದಿಲ್ಲ ಎಂದು ಪ್ರಾಸ್ಪೆಕ್ಟಸ್ ಹೇಳುತ್ತದೆ. ಇದು ಬರಿಯ ಶಾಸ್ತ್ರದ ಮಾತಲ್ಲ. 2021ರ ಸೆಪ್ಟೆಂಬರಿನಲ್ಲಿ ಐಪಿಒಗೆ ಬಂದ ಡಿಜಿಟಲ್ ವರ್ಲ್ಡ್ ಅಕ್ವಿಸಿಷನ್ ಕಾರ್ಪೊರೇಷನ್ ಮರುತಿಂಗಳೇ ಟ್ರಂಪ್ ಮೀಡಿಯಾದೊಡನೆ ವಿಲೀನವನ್ನು ಘೋಷಿಸಿತು. ಐಪಿಒಗೆ ಮುಂಚೆಯೇ ಮಾತುಕತೆ ನಡೆದಿದ್ದನ್ನು ಮುಚ್ಚಿಟ್ಟಿತೆಂದು ಎಸ್‌ಇಸಿ ಆಪಾದಿಸಿತು; ವಿಲೀನ ಪೂರ್ಣಗೊಂಡರೆ 1.8 ಕೋಟಿ ಡಾಲರ್ ದಂಡ ತೆರಲು ಆ ಸ್ಪ್ಯಾಕ್ 2023ರ ಜುಲೈನಲ್ಲಿ ಒಪ್ಪಿಕೊಂಡಿತು. ಹೀಗೆ ನಿಯಮವಿರುವುದರಿಂದ, ಐಪಿಒದಲ್ಲಿ ಹಣ ಹಾಕುವವರು ನಿಜಕ್ಕೂ ಹಾಕುವುದು ಪ್ರವರ್ತಕರ ಮೇಲಿನ ನಂಬಿಕೆಯ ಮೇಲೆ. ಪ್ರಾಸ್ಪೆಕ್ಟಸ್ಸಿನಲ್ಲಿ ಅವರ ಹಿಂದಿನ ಸ್ಪ್ಯಾಕ್‌ಗಳ ಹೆಸರು ಇದ್ದರೆ, ಆ ಷೇರುಗಳ ಇಂದಿನ ಬೆಲೆಯನ್ನು ನೋಡಿಬಿಡಿ. ಪ್ರವರ್ತಕರ ಬಗ್ಗೆ ಪುಟಗಟ್ಟಲೆ ಬರೆದ ಪರಿಚಯಕ್ಕಿಂತ ಅದು ಹೆಚ್ಚು ಹೇಳುತ್ತದೆ.

ಗಡುವು ಸಾಮಾನ್ಯವಾಗಿ 18ರಿಂದ 24 ತಿಂಗಳು; ಷೇರುದಾರರ ಮತದಿಂದ ವಿಸ್ತರಿಸಬಹುದಾದರೂ ಷೇರುಪೇಟೆಯ ನಿಯಮ 36 ತಿಂಗಳ ಮಿತಿಯನ್ನು ಹಾಕಿದೆ. ಕೊಳ್ಳುವ ಕಂಪನಿಯ ಮೌಲ್ಯ ಟ್ರಸ್ಟಿನಲ್ಲಿರುವ ಹಣದ ಶೇ 80ಕ್ಕಿಂತ ಕಡಿಮೆ ಇರಬಾರದು. ಅದು ಕೆಳಮಿತಿ ಮಾತ್ರ; ಫೌಂಡರ್ ಷೇರುಗಳ ಭಾರ ದೊಡ್ಡ ಕಂಪನಿಯಲ್ಲಿ ಹಂಚಿಹೋಗಿ ಹಗುರವಾಗುವುದರಿಂದ, ಪ್ರವರ್ತಕರು ಟ್ರಸ್ಟಿನ ಹಲವು ಪಟ್ಟು ದೊಡ್ಡ ಕಂಪನಿಗಳನ್ನೇ ಅರಸುತ್ತಾರೆ. ಹೂಡಿಕೆ ಬ್ಯಾಂಕುಗಳು, ವೆಂಚರ್ ಫಂಡುಗಳು, ತಮ್ಮದೇ ಪರಿಚಯದ ಉದ್ಯಮಿಗಳು, ಈ ಮೂರು ದಾರಿಗಳಿಂದ ಹೆಸರುಗಳು ಬರುತ್ತವೆ. ಮಾತುಕತೆ ಶುರುವಾದ ಕೂಡಲೇ ಗುರಿ ಕಂಪನಿಯಿಂದಲೂ ಸಲಹೆಗಾರರಿಂದಲೂ ‘ಟ್ರಸ್ಟಿನ ಹಣದ ಮೇಲೆ ನಮಗೆ ಹಕ್ಕಿಲ್ಲ’ ಎಂದು ಬರೆಸಿಕೊಳ್ಳುವುದು ರೂಢಿ. ಆಮೇಲೆ ಆಶಯ ಪತ್ರ, ಲೆಕ್ಕಪತ್ರಗಳ ತಪಾಸಣೆ, ಬೆಲೆಯ ಚೌಕಾಸಿ.

ಭಾರತದ ಸ್ಟಾರ್ಟಪ್‌ಗಳಿಗೆ ಸಂಬಂಧಿಸಿದ ಎರಡು ತೊಡಕುಗಳನ್ನು ಇಲ್ಲಿ ಹೇಳಬೇಕು. ಭಾರತದಲ್ಲೇ ನೋಂದಣಿಯಾದ ಕಂಪನಿ ನೇರವಾಗಿ ಅಮೆರಿಕದ ಸ್ಪ್ಯಾಕ್‌ನೊಳಗೆ ಸೇರುವುದು ಕಷ್ಟವಾದ್ದರಿಂದ, ಮೇಲೆ ಒಂದು ವಿದೇಶಿ ಹೋಲ್ಡಿಂಗ್ ಕಂಪನಿ ಇರುವುದು ಸಾಮಾನ್ಯ: ಪ್ರವಾಸದ ಟಿಕೆಟ್ ಮಾರುವ ಯಾತ್ರಾಕ್ಕೆ ಕೇಮನ್ ದ್ವೀಪಗಳಲ್ಲಿ, ಸೌರ ಮತ್ತು ಪವನ ವಿದ್ಯುತ್ತಿನ ರಿನ್ಯೂಗೆ ಇಂಗ್ಲೆಂಡಿನಲ್ಲಿ, ಕಾರು ಬಾಡಿಗೆಯ ಝೂಮ್‌ಕಾರ್‌ಗೆ ಡೆಲವೇರ್‌ನಲ್ಲಿ. ಎರಡನೆಯದಾಗಿ, ಭಾರತದ ಲೆಕ್ಕಪತ್ರ ಮಾನದಂಡವಾದ ಇಂಡ್‌-ಎಎಸ್ ಪ್ರಕಾರ ಬರೆದ ಲೆಕ್ಕಗಳು ಅಲ್ಲಿ ಸಾಲವು. ಅಮೆರಿಕದ ಮಾನದಂಡವಾದ ಯುಎಸ್ ಗ್ಯಾಪ್ ಅಥವಾ ಅಂತರರಾಷ್ಟ್ರೀಯ ಮಾನದಂಡವಾದ ಐಎಫ್‌ಆರ್‌ಎಸ್‌ಗೆ ಬದಲಾಯಿಸಿ, ಅಮೆರಿಕದ ಲೆಕ್ಕಪರಿಶೋಧನಾ ಮಾನದಂಡದಂತೆ ಮತ್ತೆ ಆಡಿಟ್ ಮಾಡಿಸಬೇಕು. ವಿಲೀನಗಳು ತಿಂಗಳುಗಟ್ಟಲೆ ತಡವಾಗುವುದಕ್ಕೆ ಇದೂ ಒಂದು ಕಾರಣ.

ವಿಲೀನದ ಘೋಷಣೆಯಾದ ಮೇಲೆ

ಒಪ್ಪಂದಕ್ಕೆ ಸಹಿ ಬಿದ್ದಾಗ, ಮುಖ್ಯ ಬೆಳವಣಿಗೆಗಳನ್ನು ತಿಳಿಸುವ 8-ಕೆ ಎಂಬ ದಾಖಲೆ ಬರುತ್ತದೆ, ಅದರ ಜೊತೆಗೆ ಹೂಡಿಕೆದಾರರಿಗೆಂದು ತಯಾರಿಸಿದ ಸ್ಲೈಡುಗಳೂ ಬರುತ್ತವೆ. ಸ್ಲೈಡುಗಳನ್ನು ಬದಿಗಿಟ್ಟು ವಿಲೀನದ ಪೂರ್ಣ ವಿವರವಿರುವ ಎಸ್-4 ಅಥವಾ (ವಿದೇಶಿ ಕಂಪನಿಯಾದರೆ) ಎಫ್-4 ದಾಖಲೆ ಸಲ್ಲಿಕೆಯಾಗುವವರೆಗೆ ಕಾಯುವುದು ಲೇಸು. ಐದು ವರ್ಷಗಳಾಚೆಗೆ ಆದಾಯ ಹತ್ತು ಪಟ್ಟಾಗುವ ನಕ್ಷೆಗಳನ್ನು ಸ್ಪ್ಯಾಕ್‌ಗಳು ಧಾರಾಳವಾಗಿ ತೋರಿಸಿದ ಕಾಲವೊಂದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಎಸ್‌ಇಸಿ ನಿಯಮಗಳು ಅಂಥ ಮುನ್ನಂದಾಜುಗಳಿಗೆ ಇದ್ದ ಕಾನೂನಿನ ಆಸರೆಯನ್ನು ತೆಗೆದುಹಾಕಿ, ಗುರಿ ಕಂಪನಿಯನ್ನೂ ದಾಖಲೆಯ ಹೊಣೆಗಾರರ ಸಾಲಿಗೆ ಸೇರಿಸಿವೆ.

ಈಗ ಮುಖ್ಯ ಘಟ್ಟ. ವಿಲೀನದ ಮತದಾನಕ್ಕೆ ಮುನ್ನ ಪ್ರತಿಯೊಬ್ಬ ಸಾರ್ವಜನಿಕ ಷೇರುದಾರನೂ ತನ್ನ ಷೇರನ್ನು ಹಿಂತಿರುಗಿಸಿ, ಟ್ರಸ್ಟಿನಿಂದ ತನ್ನ ಪಾಲನ್ನು ಬಡ್ಡಿಸಹಿತ ಪಡೆಯಬಹುದು. ಇದೇ ರಿಡೆಂಪ್ಷನ್. ವಿಲೀನದ ಪರವಾಗಿ ಮತ ಹಾಕಿದವರಿಗೂ ಈ ಹಕ್ಕು ಉಂಟು, ಮತ್ತು ವಾರಂಟ್ ಅವರಲ್ಲಿಯೇ ಉಳಿಯುತ್ತದೆ. ಹೀಗಾಗಿ ಐಪಿಒದಲ್ಲಿ ಕೊಂಡ ಅನೇಕ ಹೆಡ್ಜ್ ಫಂಡುಗಳು (ಸಿರಿವಂತರ ಮತ್ತು ಸಂಸ್ಥೆಗಳ ಹಣ ಹೂಡುವ ಖಾಸಗಿ ನಿಧಿಗಳು) ಗುರಿ ಕಂಪನಿಯ ಗೊಡವೆಗೇ ಹೋಗದೆ, ಹಣ ವಾಪಸು ಪಡೆದು ವಾರಂಟನ್ನು ಲಾಭವಾಗಿ ಇಟ್ಟುಕೊಳ್ಳುತ್ತವೆ.

ಮೇಲಿನ 20 ಕೋಟಿ ಡಾಲರ್ ಸ್ಪ್ಯಾಕ್‌ನ ಲೆಕ್ಕವನ್ನೇ ಮುಂದುವರಿಸೋಣ. ಬ್ಯಾಂಕುಗಳಿಗೆ ಬಾಕಿಯಿರುವ ಶೇ 3.5 ಎಂದರೆ 70 ಲಕ್ಷ ಡಾಲರ್. ಒಬ್ಬರೂ ಹಣ ಹಿಂಪಡೆಯದಿದ್ದರೆ 19.3 ಕೋಟಿ ಡಾಲರ್ 2.5 ಕೋಟಿ ಷೇರುಗಳಿಗೆ ಹಂಚಿ, ಪ್ರತಿ ಷೇರಿಗೆ 7.72 ಡಾಲರ್ ಆಯಿತು. ಅಂದರೆ ಯಾವ ತಪ್ಪೂ ನಡೆಯದ ಸ್ಥಿತಿಯಲ್ಲಿಯೂ 10 ಡಾಲರ್ ಕೊಟ್ಟವನ ಷೇರಿನ ಹಿಂದೆ 10 ಡಾಲರ್ ಇಲ್ಲ. ಅರ್ಧದಷ್ಟು ಷೇರುಗಳು ವಾಪಸಾದರೆ 9.3 ಕೋಟಿ ಡಾಲರ್, 1.5 ಕೋಟಿ ಷೇರುಗಳು, ತಲಾ 6.20 ಡಾಲರ್. ಶೇ 90ರಷ್ಟು ವಾಪಸಾದರೆ ಟ್ರಸ್ಟಿನಲ್ಲಿ ಉಳಿಯುವುದು 2 ಕೋಟಿ ಡಾಲರ್. ಬ್ಯಾಂಕಿನ ಶುಲ್ಕ ಕಡಿಮೆಯಾಗುವುದಿಲ್ಲವಾದ್ದರಿಂದ 1.3 ಕೋಟಿ, ಅದನ್ನು 20 ಲಕ್ಷ ಸಾರ್ವಜನಿಕ ಷೇರುಗಳ ಜೊತೆ 50 ಲಕ್ಷ ಫೌಂಡರ್ ಷೇರುಗಳೂ ಹಂಚಿಕೊಂಡಾಗ ತಲಾ 1.86 ಡಾಲರ್. ವಾರಂಟುಗಳನ್ನೂ ವಕೀಲರ ಖರ್ಚನ್ನೂ ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಪ್ರವರ್ತಕರು ತಮ್ಮ ಷೇರುಗಳಲ್ಲಿ ಒಂದು ಭಾಗವನ್ನು ಬಿಟ್ಟುಕೊಡಲು ಅಥವಾ ಬ್ಯಾಂಕು ಶುಲ್ಕ ಇಳಿಸಲು ಒಪ್ಪಿದ್ದರೆ ಚಿತ್ರ ಸ್ವಲ್ಪ ಸುಧಾರಿಸುತ್ತದೆ. ಹಾಗಾಗಿದೆಯೇ ಎಂದು ಒಪ್ಪಂದದಲ್ಲಿ ನೋಡಿ. ಹಿಂಪಡೆತದ ಬೇರೆಬೇರೆ ಮಟ್ಟಗಳಲ್ಲಿ ಷೇರಿನ ಮೌಲ್ಯ ಎಷ್ಟು ಕರಗುತ್ತದೆ ಎಂಬ ಕೋಷ್ಟಕವನ್ನು ಈಗ ದಾಖಲೆಯಲ್ಲೇ ಕೊಡಬೇಕೆಂಬ ನಿಯಮವಿದೆ, ಆದರೂ ಒಮ್ಮೆ ಸ್ವಂತ ಕೈಯಿಂದ ಲೆಕ್ಕ ಮಾಡಿದರೆ ಹೆಚ್ಚು ಅರ್ಥವಾಗುತ್ತದೆ.

ಬರಿದಾಗುವ ಈ ಟ್ರಸ್ಟನ್ನು ತುಂಬಲು ಪ್ರವರ್ತಕರು ದೊಡ್ಡ ಹೂಡಿಕೆದಾರರಿಂದ ಖಾಸಗಿಯಾಗಿ ಹಣ ತರುತ್ತಾರೆ. ಇದಕ್ಕೆ ಪೈಪ್ ಎಂದು ಹೆಸರು. ಈ ಹಣ ಹಿಂದಕ್ಕೆ ಹೋಗುವಂತಿಲ್ಲ. 2021ರಲ್ಲಿ ರಿನ್ಯೂ ಪವರ್ ಆರ್‌ಎಂಜಿ ಅಕ್ವಿಸಿಷನ್ ಕಾರ್ಪೊರೇಷನ್ 2ರೊಡನೆ ಸೇರಿದಾಗ, ಟ್ರಸ್ಟಿನ 34.5 ಕೋಟಿ ಡಾಲರ್‌ಗಿಂತ ಬಹಳ ಹೆಚ್ಚಾಗಿ 85.5 ಕೋಟಿ ಡಾಲರ್ ಪೈಪ್ ಇತ್ತು. ಬೆಂಗಳೂರಿನ ಝೂಮ್‌ಕಾರ್‌ನ ಕಥೆ ಬೇರೆ. ಅದು ಸೇರಿದ ಇನ್ನೊವೇಟಿವ್ ಇಂಟರ್‌ನ್ಯಾಷನಲ್ ಅಕ್ವಿಸಿಷನ್ ಕಾರ್ಪೊರೇಷನ್ 2021ರ ಅಕ್ಟೋಬರಿನಲ್ಲಿ 23 ಕೋಟಿ ಡಾಲರ್ ಎತ್ತಿತ್ತು. ವಿಲೀನದ ಘೋಷಣೆ 2022ರ ಅಕ್ಟೋಬರಿನಲ್ಲಿ, ಪೂರ್ಣಗೊಂಡದ್ದು 2023ರ ಡಿಸೆಂಬರ್ ಕೊನೆಯಲ್ಲಿ. ನಡುವೆ ಗಡುವು ವಿಸ್ತರಣೆಯ ಮತದಾನದಲ್ಲೂ ಷೇರುದಾರರಿಗೆ ಹಣ ಹಿಂಪಡೆಯುವ ಹಕ್ಕು ಇದ್ದುದರಿಂದ, ಟ್ರಸ್ಟಿನ ಸಿಂಹಪಾಲು ವಿಲೀನಕ್ಕೆ ಮುಂಚೆಯೇ ಖಾಲಿಯಾಗಿತ್ತು. ಪೈಪ್ ಎಷ್ಟಿದೆ, ಅದು ಷೇರಿನ ರೂಪದಲ್ಲಿದೆಯೇ ಅಥವಾ ಬೆಲೆ ಇಳಿದಂತೆ ಹೆಚ್ಚು ಷೇರು ಕೇಳುವ ಪರಿವರ್ತನೀಯ ಸಾಲದ ರೂಪದಲ್ಲಿದೆಯೇ, ಕನಿಷ್ಠ ನಗದಿನ ಷರತ್ತು ಇದೆಯೇ, ಇದ್ದರೆ ಅದನ್ನು ಮನ್ನಾ ಮಾಡುವ ಅಧಿಕಾರ ಯಾರದು ಎಂಬುದನ್ನು ಒಪ್ಪಂದದಲ್ಲಿ ಹುಡುಕಿ.

ಎಷ್ಟು ಹೆಸರುವಾಸಿ ಪ್ರವರ್ತಕರಾದರೂ ಕಂಪನಿ ಸಿಕ್ಕೇ ಸಿಗುತ್ತದೆಂದಿಲ್ಲ. ಅಮೆರಿಕದ ಹೆಡ್ಜ್ ಫಂಡ್ ಒಡೆಯ ಬಿಲ್ ಆಕ್‌ಮನ್ 2020ರ ಜುಲೈನಲ್ಲಿ 400 ಕೋಟಿ ಡಾಲರ್ ಎತ್ತಿ, ಯೂನಿವರ್ಸಲ್ ಮ್ಯೂಸಿಕ್‌ನ ಶೇ 10ರಷ್ಟನ್ನು ಕೊಳ್ಳಲು ಹೋಗಿ, ಅದು ಕೈಗೂಡದೆ 2022ರಲ್ಲಿ ಇಡೀ ಹಣವನ್ನು ಹಿಂದಿರುಗಿಸಿದರು. ಹೂಡಿಕೆದಾರರ ಮಟ್ಟಿಗೆ ಇದು ಕೆಟ್ಟ ಮುಕ್ತಾಯವೇನಲ್ಲ ಎಂದು ನನ್ನ ಎಣಿಕೆ.

ಹಣ ಹಿಂಪಡೆಯುವುದು, ಉಳಿಯುವುದು

ಹಿಂಪಡೆಯುವ ನಿರ್ಧಾರವಾದರೆ ಗಡುವಿನ ಕಡೆ ಗಮನವಿರಲಿ. ಸಾಮಾನ್ಯವಾಗಿ ಷೇರುದಾರರ ಸಭೆಗೆ ಎರಡು ಕೆಲಸದ ದಿನ ಮುಂಚೆಯೇ ಷೇರುಗಳು, ಷೇರುದಾರರ ಲೆಕ್ಕವಿಡುವ ಟ್ರಾನ್ಸ್‌ಫರ್ ಏಜೆಂಟನ್ನು ತಲುಪಿರಬೇಕು, ಬ್ರೋಕರುಗಳು ತಮ್ಮ ಅನುಕೂಲಕ್ಕೆ ಇನ್ನೂ ಮುಂಚಿನ ದಿನಾಂಕ ಇಡುತ್ತಾರೆ. ನಿಮ್ಮಲ್ಲಿ ಯೂನಿಟ್ಟುಗಳಿದ್ದರೆ ಮೊದಲು ಅವನ್ನು ಷೇರು ಮತ್ತು ವಾರಂಟ್ ಆಗಿ ಬಿಡಿಸಬೇಕು. ಭಾರತದಿಂದ ಆ್ಯಪ್ ಮೂಲಕ ಕೊಂಡವರು, ತಮ್ಮ ವೇದಿಕೆ ಈ ಸೌಲಭ್ಯವನ್ನು ಕೊಡುತ್ತದೆಯೇ ಎಂದು ಷೇರು ಕೊಳ್ಳುವ ಮೊದಲೇ ಕೇಳಿ ತಿಳಿಯುವುದು ಒಳ್ಳೆಯದು. ಹಿಂಪಡೆಯುವ ಹಕ್ಕನ್ನು ಚಲಾಯಿಸಲು ಬಾರದಿದ್ದರೆ ಸ್ಪ್ಯಾಕ್ ಷೇರಿನ ಮುಖ್ಯ ರಕ್ಷಣೆಯೇ ಇಲ್ಲದಂತಾಯಿತು. ಟ್ರಸ್ಟ್ ಮೌಲ್ಯಕ್ಕಿಂತ ಹೆಚ್ಚು ಬೆಲೆಗೆ ಪೇಟೆಯಲ್ಲಿ ಕೊಂಡವರಿಗೆ ಆ ಹೆಚ್ಚಿನ ಭಾಗ ಹೇಗೂ ವಾಪಸು ಸಿಗುವುದಿಲ್ಲ.

ಉಳಿಯುವವರು, ವಿಲೀನವಾದ ನಾಲ್ಕು ಕೆಲಸದ ದಿನಗಳೊಳಗೆ ಹೊಸ ಕಂಪನಿ ಸಲ್ಲಿಸುವ ವಿಸ್ತಾರವಾದ 8-ಕೆಯಲ್ಲಿ ಎಷ್ಟು ಹಣ ನಿಜಕ್ಕೂ ಬಂತು, ಪ್ರವರ್ತಕರೂ ಪೈಪ್ ಹೂಡಿಕೆದಾರರೂ ಯಾವಾಗಿನಿಂದ ಷೇರು ಮಾರಬಹುದು ಎಂಬುದನ್ನು ನೋಡಬೇಕು. ಇಸಾಪ್ ಇರುವ ನೌಕರರಿಗೆ ತಮ್ಮ ಲಾಕ್-ಇನ್ ಅವಧಿಯೂ ಅಲ್ಲಿಂದಲೇ ತಿಳಿಯುತ್ತದೆ. ವಾರಂಟ್ ಇಟ್ಟುಕೊಂಡವರು ಕಂಪನಿಯ ಪ್ರಕಟಣೆಗಳನ್ನು ತಪ್ಪದೆ ಓದಬೇಕು. ವಿಲೀನದ ನಂತರ ಅವುಗಳ ಆಯುಸ್ಸು ಸಾಮಾನ್ಯವಾಗಿ ಐದು ವರ್ಷವೆಂದು ಬರೆದಿದ್ದರೂ, ಷೇರಿನ ಬೆಲೆ 30 ವಹಿವಾಟು ದಿನಗಳಲ್ಲಿ 20 ದಿನ 18 ಡಾಲರ್ ಮುಟ್ಟಿದರೆ ಕಂಪನಿ 30 ದಿನಗಳ ನೋಟಿಸು ಕೊಟ್ಟು ತಲಾ ಒಂದು ಸೆಂಟಿಗೆ ಅವನ್ನು ವಾಪಸು ಪಡೆಯಬಹುದು. ಆ ನೋಟಿಸಿನ ಅವಧಿಯೊಳಗೆ ವಾರಂಟನ್ನು ಷೇರಾಗಿ ಬದಲಾಯಿಸಿಕೊಳ್ಳಬೇಕು, ಇಲ್ಲವೇ ಮಾರಿಬಿಡಬೇಕು. ನೋಟಿಸು ಕಣ್ತಪ್ಪಿದರೆ ಆರು ಡಾಲರ್‌ಗೂ ಹೆಚ್ಚು ಬಾಳುವ ವಾರಂಟಿಗೆ ಕೈಗೆ ಬರುವುದು ಆ ಒಂದು ಸೆಂಟು.